ಮೇಕೆ ಮರಿ ಮಂಕಾದಾಗ: ಮೊದಲು ಶಾಖ, ಆಮೇಲೆ ಹಾಲು

ಕಾಯಿಲೆ ಬಿದ್ದ ಮೇಕೆ ಮರಿ ಮನೆಯೊಳಗೆ ಬಂತು ಅಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಹಾಲಿನ ಪಾತ್ರೆಗೆ. "ಪಾಪ, ಹಸಿದಿದೆ, ಎರಡು ಗುಟುಕು ಹಾಕಿ" ಅಂತ ಒಬ್ಬರು. "ಬಾಯಿ ಅಗಲಿಸಿ ಹಿಡ್ಕೊಳ್ಳಿ, ನಾನು ಹುಯ್ತೀನಿ" ಅಂತ ಇನ್ನೊಬ್ಬರು. ನಮ್ಮ ಶಿರಾ ಕಡೆ ಹಳ್ಳಿಗಳಲ್ಲಿ ಮೇಕೆ ಇಲ್ಲದ ಬೀದಿ ಕಡಿಮೆ. ಆದರೂ ಈ ಆತುರ ಮಾತ್ರ ಹೋಗಿಲ್ಲ. ಮೈ ತಣ್ಣಗಾದ ಮರಿಗೆ ಹಾಲು ಹುಯ್ದರೆ ಅದು ಅರಗುವುದಿಲ್ಲ. ಚೀಪುವ ಶಕ್ತಿ ಇಲ್ಲದ ಮರಿಗೆ ಹುಯ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡು ದಿನ ಬಿಟ್ಟು ಮರಿ ಗೊರಗೊರ ಅನ್ನತೊಡಗಿದಾಗ "ದೃಷ್ಟಿ ಆಯ್ತು" ಅಂತ ನಿವಾಳಿಸುತ್ತಾರೆ.

ನಾನು ಡಾಕ್ಟರ್ ಅಲ್ಲ. ಮನೆಯಲ್ಲಿ ಹೊಲಿಗೆ ಮಾಡಿಕೊಂಡು, ಹಿತ್ತಲಲ್ಲಿ ನಾಲ್ಕಾರು ಮೇಕೆ ಕಟ್ಟಿಕೊಂಡವಳು. ಡಾಕ್ಟರು ಬರುವವರೆಗೆ, ಬಂದು ಹೋದ ಮೇಲೆ, ಮಧ್ಯದ ಆ ಉದ್ದನೆಯ ಹೊತ್ತಿನಲ್ಲಿ ಮನೆಯವರು ಏನು ಮಾಡಬಹುದು ಅನ್ನುವುದಷ್ಟೇ ಇಲ್ಲಿದೆ.

ಎತ್ತಿಕೊಳ್ಳುವ ಮೊದಲು ನೋಡಿ

ಮರಿಯನ್ನು ಮುಟ್ಟುವ ಮೊದಲು ಎರಡು ನಿಮಿಷ ದೂರದಿಂದ ನೋಡಿ. ಚೆನ್ನಾಗಿರುವ ಮರಿ ಮಲಗಿದ್ದಲ್ಲಿಂದ ಎದ್ದ ಕೂಡಲೇ ಬೆನ್ನು ಬಗ್ಗಿಸಿ, ಹಿಂಗಾಲು ಚಾಚಿ ಮೈ ಮುರಿಯುತ್ತದೆ. ಹಾಲು ಕುಡಿಯುವಾಗ ಬಾಲ ಪಟಪಟ ಅಲ್ಲಾಡುತ್ತದೆ. ಕಾಯಿಲೆ ಮರಿ ಮೈ ಮುರಿಯುವುದಿಲ್ಲ. ಬೆನ್ನು ಗೂನು ಮಾಡಿಕೊಂಡು, ಕಿವಿ ಇಳಿಬಿಟ್ಟು ಮೂಲೆಯಲ್ಲಿ ನಿಂತಿರುತ್ತದೆ. ಹಲ್ಲು ಕಟಕಟ ಕಡಿಯುತ್ತಿದ್ದರೆ ಎಲ್ಲೋ ನೋವಿದೆ ಅಂತ ತಿಳಿಯಿರಿ.

ಆಮೇಲೆ ಹತ್ತಿರ ಹೋಗಿ ಇಷ್ಟು ನೋಡಿ:

1. ತೊಳೆದ ಬೆರಳನ್ನು ಬಾಯಿಯೊಳಗೆ ಇಡಿ. ಒಳಗೆ ಬೆಚ್ಚಗಿದೆಯಾ, ತಣ್ಣಗಿದೆಯಾ? ಬೆರಳನ್ನು ಚೀಪುತ್ತದಾ, ಸುಮ್ನೆ ಇರುತ್ತದಾ? ಮುಂದಿನ ಎಲ್ಲ ನಿರ್ಧಾರವೂ ಈ ಒಂದು ಪರೀಕ್ಷೆಯ ಮೇಲೆ ನಿಂತಿದೆ.
2. ಜ್ವರ ನೋಡಿ. ಮನುಷ್ಯರ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಬಾಲ ಎತ್ತಿ, ಗುದದೊಳಗೆ ಮೆಲ್ಲಗೆ ತೂರಿಸಿ, 'ಬೀಪ್' ಅನ್ನುವವರೆಗೆ ಬಿಡಬೇಡಿ. ಮೇಕೆ ಮರಿಯ ಮೈ ನಮ್ಮ ಮೈಗಿಂತ ಬಿಸಿ. 102 ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ, ಬಿಸಿಲಲ್ಲಿ ಕುಣಿದು ಬಂದಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. 104 ದಾಟಿದರೆ ಜ್ವರ. 100 ಕ್ಕಿಂತ ಕೆಳಗೆ ಬಂದರೆ ಅದು ಜ್ವರಕ್ಕಿಂತ ಅವಸರದ ವಿಷಯ. ಥರ್ಮಾಮೀಟರ್ ಅಂಕಿ ತೋರಿಸದೆ 'ಲೋ' ಅಂತ ತೋರಿಸಿದರೆ ಕೆಟ್ಟುಹೋಗಿದೆ ಅಂದುಕೊಳ್ಳಬೇಡಿ, ಮರಿಯ ಮೈ ಅಷ್ಟು ತಣ್ಣಗಾಗಿದೆ.
3. ಕತ್ತಿನ ಪಕ್ಕದ ಚರ್ಮ ಚಿವುಟಿ ಎತ್ತಿ ಬಿಡಿ. ತಕ್ಷಣ ಕೂತುಕೊಳ್ಳಬೇಕು. ಮಡಿಕೆ ಹಾಗೇ ನಿಂತರೆ, ಕಣ್ಣು ಗುಳಿ ಬಿದ್ದಿದ್ದರೆ, ಮೈಯಲ್ಲಿ ನೀರು ಕಡಿಮೆ ಆಗಿದೆ.
4. ಬಾಲದ ಕೆಳಗೆ ನೋಡಿ. ಹುಟ್ಟಿದ ದಿನ ಕಪ್ಪು ಅಂಟು ಹೇಲು, ಆಮೇಲೆ ಹಾಲು ಕುಡಿಯುವಷ್ಟು ದಿನ ಹಳದಿ ಮುದ್ದೆ ಸಹಜ. ಅದೇ ಒಣಗಿ ಬಾಲವನ್ನು ಗುದಕ್ಕೆ ಅಂಟಿಸಿ ದಾರಿ ಮುಚ್ಚಿಬಿಡುವುದೂ ಉಂಟು. ಮರಿ ಮುಕ್ಕುತ್ತಾ ಒದ್ದಾಡುತ್ತದೆ. ಬಿಸಿನೀರಿನ ಬಟ್ಟೆಯಲ್ಲಿ ನೆನೆಸಿ ಬಿಡಿಸಿದರೆ ಅರ್ಧ ಗಂಟೆಯಲ್ಲಿ ಗೆಲುವಾಗುತ್ತದೆ. ಔಷಧಿಯೇ ಬೇಕಿಲ್ಲ.
5. ಹೊಕ್ಕುಳು ಮುಟ್ಟಿ ನೋಡಿ. ಬಿಸಿ, ಬಾವು, ಕೀವು ಇದ್ದರೆ ಡಾಕ್ಟರಿಗೆ ಹೇಳಬೇಕಾದ ಮೊದಲ ವಿಷಯ ಅದು. ಆ ನಂಜು ರಕ್ತಕ್ಕೆ ಹೋಗಿ ಕೀಲುಗಳಿಗೆ ಇಳಿದರೆ ಮಂಡಿ ಊದಿಕೊಂಡು ಮರಿ ಕುಂಟತೊಡಗುತ್ತದೆ. ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿದ್ದರೆ ಈ ತಾಪತ್ರಯ ಬಹಳ ಮಟ್ಟಿಗೆ ತಪ್ಪುತ್ತದೆ.

ನೋಡಿದ್ದನ್ನೆಲ್ಲ ಬರೆದಿಡಿ. ನಮ್ಮ ಮನೆಯಲ್ಲಿ ಹಾಲಿನವರ ಕ್ಯಾಲೆಂಡರಿನ ಹಿಂಬದಿಯೇ ಆಸ್ಪತ್ರೆ ಚೀಟಿ. ಹೊತ್ತು, ಜ್ವರ, ಕುಡಿದದ್ದು, ಹೇತದ್ದು. ರಾತ್ರಿ ನಿದ್ದೆಗಣ್ಣಲ್ಲಿ "ಆಗಲೇ ಕುಡಿಸಿದೆನಾ, ಇಲ್ಲವಾ" ಅನ್ನುವ ಅನುಮಾನ ಬಂದೇ ಬರುತ್ತದೆ. ಇನ್ನೊಂದು ಮಾತು: ಆ ಥರ್ಮಾಮೀಟರ್‌ಗೆ ಕೆಂಪು ದಾರ ಕಟ್ಟಿ ಬೇರೆ ಇಡಿ. ಮನೆಯವರಿಗೆ ಅದು ಎಲ್ಲೆಲ್ಲಿ ಹೋಗಿ ಬಂದಿದೆ ಅಂತ ಆಮೇಲೆ ಗೊತ್ತಾದರೆ ಜಗಳ.

ತಣ್ಣಗಿದ್ದರೆ ಬೆಚ್ಚಗೆ ಮಾಡಿ

ಹುಟ್ಟಿದ ಮರಿ ಎರಡು ಕೆಜಿ ಆಸುಪಾಸು ಇರುತ್ತದೆ. ಒದ್ದೆ ಮೈಯಲ್ಲಿ, ಕಾರ್ತಿಕದ ಚಳಿಗಾಳಿಗೆ, ಅದು ತಣ್ಣಗಾಗಲು ಹೆಚ್ಚು ಹೊತ್ತು ಬೇಕಿಲ್ಲ. ಅವಳಿ ಹಾಕಿದ ತಾಯಿ ಒಂದನ್ನು ನೆಕ್ಕುತ್ತಾ ಇನ್ನೊಂದನ್ನು ಮರೆತಿರುವುದೂ ಇರುತ್ತದೆ.

ಮೊದಲು ಒಣ ಗೋಣಿಯಲ್ಲೋ ಹಳೆ ಪಂಚೆಯಲ್ಲೋ ಚೆನ್ನಾಗಿ ಉಜ್ಜಿ ಒರೆಸಿ. ಎದೆ, ಪಕ್ಕೆ ಗಟ್ಟಿಯಾಗಿ ಉಜ್ಜಿದರೆ ಉಸಿರಾಟಕ್ಕೂ ಒಳ್ಳೆಯದು. ಆಮೇಲೆ ಒಂದು ಬುಟ್ಟಿಯಲ್ಲಿ ಒಣಹುಲ್ಲು ಹಾಸಿ, ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಎರಡೂ ಪಕ್ಕ ಇಡಿ. ಬರೀ ಬಾಟಲಿ ಮೈಗೆ ತಾಗಿದರೆ ಚರ್ಮ ಸುಡುತ್ತದೆ. ಸೋತ ಮರಿಗೆ ಪಕ್ಕಕ್ಕೆ ಸರಿದುಕೊಳ್ಳುವ ಶಕ್ತಿಯೂ ಇರುವುದಿಲ್ಲ ಅಲ್ವಾ. ನೀರು ಆರಿದಾಗ ಬದಲಿಸಿ. ಆರಿದ ಬಾಟಲಿ ಇದ್ದ ಶಾಖವನ್ನೂ ಎಳೆದುಕೊಳ್ಳುತ್ತದೆ.

ತುಂಬಾ ತಣ್ಣಗಿದ್ದರೆ ಬಿಸಿನೀರಿನ ತೊಟ್ಟಿ ಬೇಗ ಕೆಲಸ ಮಾಡುತ್ತದೆ. ಮರಿಯನ್ನು ಕತ್ತಿನವರೆಗೆ ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ, ತಲೆ ಹೊರಗಿಟ್ಟು, ಮೊಣಕೈಗೆ ಹಿತವಾಗುವಷ್ಟು ಬಿಸಿಯ ನೀರಿನಲ್ಲಿ ಹಿಡಿದುಕೊಳ್ಳಿ. ತಲೆಯಿಂದ ಕೈ ತೆಗೆಯಬೇಡಿ. ಚೀಲ ಯಾಕೆ ಅಂದರೆ, ಮೈ ಒದ್ದೆ ಆಗುವುದಿಲ್ಲ, ತಾಯಿ ಗುರುತಿಸುವ ವಾಸನೆಯೂ ತೊಳೆದುಹೋಗುವುದಿಲ್ಲ.

ಬಲ್ಬಿನ ಶಾಖದ ಬಗ್ಗೆ ಒಂದು ಮಾತು. ಈಗ ಮನೆಗಳಲ್ಲಿ ಇರುವುದು ಎಲ್‌ಇಡಿ. ಅದು ಬೆಳಕು ಕೊಡುತ್ತದೆ, ಮರಿಗೆ ಸಾಕಾಗುವ ಶಾಖ ಕೊಡುವುದಿಲ್ಲ. ಹಳೆ ಕಾಲದ ತಂತಿ ಬಲ್ಬೇ ಬೇಕು. ಸಿಕ್ಕಿದರೆ ಮರಿಗೂ ಹುಲ್ಲಿಗೂ ತಾಗದಷ್ಟು ಎತ್ತರಕ್ಕೆ, ತಂತಿಯಲ್ಲಿ ಭದ್ರವಾಗಿ ಕಟ್ಟಿ. ಬುಟ್ಟಿಯ ಒಂದು ಮೂಲೆ ಮಾತ್ರ ಬೆಚ್ಚಗಿರಲಿ, ಸೆಕೆಯಾದರೆ ಸರಿದುಕೊಳ್ಳಲು ಜಾಗ ಬೇಕು. ಒಲೆಯ ಪಕ್ಕ ಮಲಗಿಸುವವರು ಹೊಗೆ ಬಾರದ ಕಡೆ ಮಲಗಿಸಿ.

ಹುಟ್ಟಿ ಐದಾರು ಗಂಟೆ ದಾಟಿದ, ಏನೂ ಕುಡಿಯದ, ತಲೆ ಎತ್ತಲಾರದ ಮರಿಯ ವಿಷಯ ಬೇರೆ. ಅದರ ಮೈಯಲ್ಲಿ ಸಕ್ಕರೆ ಅಂಶ ಮುಗಿದಿರುತ್ತದೆ. ಅಂಥದ್ದನ್ನು ಸುಮ್ನೆ ಬಿಸಿ ಮಾಡುತ್ತಾ ಹೋದರೆ ಸೆಳವು ಬಂದು ಸಾಯಬಹುದು. ಬಿಸಿ ಮಾಡುವ ಮೊದಲು ಗ್ಲೂಕೋಸ್ ಹೋಗಬೇಕು, ಅದೂ ಇಂಜೆಕ್ಷನ್ ಮೂಲಕ. ಇದು ಡಾಕ್ಟರ ಕೆಲಸ. ಅವರು ಬರುವವರೆಗೆ ಬೆಲ್ಲದ ಪಾಕವನ್ನೋ ಗ್ಲೂಕೋಸ್ ಪುಡಿ ಕಲಸಿದ ನೀರನ್ನೋ ಬೆರಳಲ್ಲಿ ಅದ್ದಿ ಒಸಡಿಗೆ ಸವರಬಹುದು. ಸವರುವುದು ಮಾತ್ರ, ಸುರಿಯುವುದು ಬೇಡ.

ಮೈ 100 ಡಿಗ್ರಿ ದಾಟಿ, ಮರಿ ತಲೆ ಎತ್ತಿ, ಬೆರಳು ಚೀಪಲು ಶುರು ಮಾಡಿತು ಅಂದರೆ ಈಗ ಹಾಲಿನ ಲೋಟ ಎತ್ತಿಕೊಳ್ಳಿ.

ಹಾಲು: ಯಾವುದು, ಎಷ್ಟು, ಹೇಗೆ

ಹುಟ್ಟಿದ ಮರಿಗೆ ಗಿಣ್ಣು ಹಾಲು. ಇದಕ್ಕೆ ಬದಲಿ ಅನ್ನುವುದು ಇಲ್ಲ. ಮೇಕೆಯ ಹೊಟ್ಟೆಯಲ್ಲಿದ್ದಾಗ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ಬರುವುದಿಲ್ಲ. ಅದು ಬರುವುದು ಗಿಣ್ಣಿನಿಂದ. ಮರಿಯ ಕರುಳು ಆ ಶಕ್ತಿಯನ್ನು ಹಾಗೇ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ ಚೆನ್ನಾಗಿ. ಗಂಟೆ ಕಳೆದಂತೆ ಇಳಿಯುತ್ತಾ ಹೋಗಿ ಒಂದು ದಿನದ ಹೊತ್ತಿಗೆ ಆ ಬಾಗಿಲು ಮುಚ್ಚಿಬಿಡುತ್ತದೆ. ಹಾಗಾಗಿ ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗುಟುಕು ಹೋಗಬೇಕು. ಮೊದಲ ದಿನಕ್ಕೆ ಮರಿಯ ತೂಕದ ಹತ್ತನೇ ಒಂದು ಭಾಗ, ಅಂದರೆ ಎರಡು ಕೆಜಿ ಮರಿಗೆ ಒಟ್ಟು 200 ಮಿಲಿಯಷ್ಟು, ನಾಲ್ಕೈದು ಸಲ ಹಂಚಿ ಕುಡಿಸಿ.

"ಕಸ ಬೀಳುವ ಮುಂಚೆ ಗಿಣ್ಣು ಕುಡಿಸಬಾರದು" ಅನ್ನುವ ಮಾತು ಹಲವು ಊರಲ್ಲಿದೆ. ಕೇಳಬೇಡಿ. ಕಸ, ಅಂದರೆ ಮಾಸು, ಬೀಳಲು ಗಂಟೆಗಟ್ಟಲೆ ಹಿಡಿಯಬಹುದು, ಅಷ್ಟರಲ್ಲಿ ಮರಿಗೆ ಸಿಗಬೇಕಾದ್ದು ಕೈತಪ್ಪುತ್ತದೆ. ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಕಸ ಬೀಳಲು ಸಹಾಯವೇ ಆಗುತ್ತದೆ.

ಮೊದಲ ಎರಡು ಧಾರೆ ನೆಲಕ್ಕೆ ಕರೆದುಬಿಡಿ. ಮೊಲೆಯ ತುದಿಯಲ್ಲಿ ಮೇಣದಂಥ ಬಿರಡೆ ಕಟ್ಟಿರುತ್ತದೆ. ಸೋತ ಮರಿಗೆ ಅದನ್ನು ಬಿಡಿಸಿಕೊಳ್ಳುವ ದಮ್ಮು ಇರುವುದಿಲ್ಲ. ಎಷ್ಟೋ ಸಲ "ಮರಿ ಕುಡೀತಾನೇ ಇಲ್ಲ" ಅನ್ನುವುದರ ಹಿಂದಿರುವ ಕಾರಣ ಇಷ್ಟೇ. ಜಾಸ್ತಿ ಗಿಣ್ಣು ಬಂದರೆ ಫ್ರಿಜ್ಜಿನ ಐಸ್ ತಟ್ಟೆಯಲ್ಲಿ ಗಟ್ಟಿ ಮಾಡಿ ಇಟ್ಟುಕೊಳ್ಳಿ, ಮುಂದೆ ತಾಯಿ ಇಲ್ಲದ ಮರಿಗೆ ಬೇಕಾಗುತ್ತದೆ. ಕರಗಿಸುವಾಗ ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿ. ಒಲೆ ಮೇಲೆ ಇಟ್ಟರೆ ಗಟ್ಟಿಯಾಗುತ್ತದೆ. ಬೆಲ್ಲ ಏಲಕ್ಕಿ ಹಾಕಿಕೊಂಡು ನಾವು ತಿನ್ನಬಹುದು, ಮರಿಗೆ ಉಪಯೋಗವಿಲ್ಲ.

ಆಮೇಲಿನ ದಿನಗಳಿಗೆ ತಾಯಿಯ ಹಾಲೇ ಮೇಲು. ತಾಯಿ ಇಲ್ಲ, ಬೇರೆ ಮೇಕೆಯೂ ಇಲ್ಲ ಅಂದರೆ ಹಸುವಿನ ಗಟ್ಟಿ ಹಾಲು ಆಗುತ್ತದೆ. ನೀರು ಬೆರೆಸಬೇಡಿ. "ದಪ್ಪ ಹಾಲು ಮರಿಗೆ ಆಗಲ್ಲ" ಅನ್ನುವುದು ನಮ್ಮ ಮನೆಯ ಟೀ ಲೆಕ್ಕ. ದಿನಕ್ಕೆ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಅಂತ ಲೆಕ್ಕ ಇಟ್ಟುಕೊಳ್ಳಿ. ಎರಡು ಕೆಜಿಯ ಮರಿಗೆ ದಿನಕ್ಕೆ 200 ರಿಂದ 300 ಮಿಲಿ. ಐದು ಹೊತ್ತು ಮಾಡಿದರೆ ಒಂದು ಹೊತ್ತಿಗೆ 40 ರಿಂದ 60 ಮಿಲಿ, ಒಂದು ಸಣ್ಣ ಕಾಫಿ ಲೋಟವೂ ತುಂಬುವುದಿಲ್ಲ. ಮರಿ ಇನ್ನೂ ಬೇಕು ಅಂತ ಅರಚುತ್ತದೆ. ಅರಚಲಿ. ಸ್ವಲ್ಪ ಹಸಿದಿರುವ ಮರಿ ನಾಳೆಯೂ ಕುಡಿಯುತ್ತದೆ. ಹೊಟ್ಟೆ ಬಿರಿಯ ಕುಡಿದ ಮರಿಗೆ ನಾಳೆ ಬೇದಿ. ಪ್ರೀತಿ ಜಾಸ್ತಿ ಇರುವ ಮನೆಗಳಲ್ಲೇ ಈ ಬೇದಿ ಜಾಸ್ತಿ, ಯಾಕೆಂದರೆ ಅಜ್ಜಿ ಒಂದು ಸಲ, ಮೊಮ್ಮಗ ಒಂದು ಸಲ, ಯಾರಿಗೂ ಹೇಳದೆ ಯಜಮಾನರು ಒಂದು ಸಲ ಕುಡಿಸಿರುತ್ತಾರೆ. ಕ್ಯಾಲೆಂಡರ್ ಹಿಂದೆ ಬರೆಯಿರಿ ಅಂದಿದ್ದು ಇದಕ್ಕೇ.

ಕುಡಿಸುವ ರೀತಿ:

ಮಕ್ಕಳ ಹಾಲಿನ ಬಾಟಲಿ, ರಬ್ಬರ್ ನಿಪ್ಪಲ್ ಸಾಕು. ಬಾಟಲಿ ಬೋರಲು ಹಾಕಿದರೆ ಹಾಲು ತೊಟ್ಟು ತೊಟ್ಟಾಗಿ ಬೀಳಬೇಕು, ಧಾರೆಯಾಗಿ ಅಲ್ಲ. ಹಾಲು ಮರಿಯ ಮೈಯಷ್ಟೇ ಬೆಚ್ಚಗಿರಲಿ, ಮುಂಗೈ ಮೇಲೆ ಬಿಟ್ಟರೆ ಹಿತವಾಗಿ ಬಿಸಿ ತಾಗಬೇಕು. ಮರಿ ನಿಂತಿರಲಿ, ಇಲ್ಲವೇ ಕಾಲು ಮಡಚಿ, ಎದೆ ನೆಲಕ್ಕೆ ಊರಿ ಕೂತಿರಲಿ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಶ್ವಾಸಕೋಶಕ್ಕೆ ಕೆಟ್ಟದು. ತಲೆ ಕೆಚ್ಚಲಿಗೆ ಬಾಯಿ ಹಾಕುವಷ್ಟು ಮಾತ್ರ ಮೇಲೆ ಇರಲಿ. ಕತ್ತು ಹಾಗೆ ಸ್ವಲ್ಪ ಚಾಚಿ ಚೀಪಿದಾಗ ಹಾಲು ನೇರವಾಗಿ ಅರಗಿಸುವ ಹೊಟ್ಟೆಗೆ ಹೋಗುವ ದಾರಿ ಒಳಗೆ ತೆರೆದುಕೊಳ್ಳುತ್ತದೆ.

ದೊಡ್ಡ ದನಗಳಿಗೆ ಔಷಧಿ ಹುಯ್ಯುವ ಗೊಟ್ಟ ಮರಿಗೆ ಬೇಡವೇ ಬೇಡ. ಸೂಜಿ ತೆಗೆದ ಸಿರಿಂಜಿನಲ್ಲಿ ಕುಡಿಸುವುದಾದರೂ ಕೆನ್ನೆಯ ಪಕ್ಕದಿಂದ, ಒಂದೊಂದೇ ಮಿಲಿ, ನುಂಗುವುದನ್ನು ಗಂಟಲಲ್ಲಿ ನೋಡಿಕೊಂಡು. ಕೆಮ್ಮಿದರೆ ತಕ್ಷಣ ನಿಲ್ಲಿಸಿ ತಲೆ ತಗ್ಗಿಸಿ. ನುಂಗಲೂ ಆಗದ ಮರಿಗೆ ನಳಿಗೆ ಹಾಕಿ ಹೊಟ್ಟೆಗೆ ಬಿಡುತ್ತಾರೆ. ಅದನ್ನು ಡಾಕ್ಟರು ಮಾಡುವಾಗ ಪಕ್ಕದಲ್ಲಿ ನಿಂತು ಕಲಿಯಿರಿ. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಕಲಿಯುವ ಕೆಲಸ ಅದಲ್ಲ.

ಪ್ರತಿ ಸಲ ಬಾಟಲಿ, ನಿಪ್ಪಲ್ ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಬೇದಿ ಶುರುವಾದರೆ

ಮರಿಗಳ ಬೇದಿಗೆ ಕಾರಣ ವಯಸ್ಸಿನ ಮೇಲೆ ಬದಲಾಗುತ್ತದೆ. ಮೊದಲ ಕೆಲವು ದಿನದಲ್ಲಿ ಆದರೆ ಗಿಣ್ಣು ಸಾಲದೆ ತಗುಲಿದ ಬ್ಯಾಕ್ಟೀರಿಯಾ ಇರಬಹುದು. ಆ ವಯಸ್ಸಲ್ಲಿ ಮರಿ ಒಂದೇ ದಿನದಲ್ಲಿ ಕೈಬಿಟ್ಟು ಹೋಗಬಹುದು. ಎರಡು ವಾರದ ಆಸುಪಾಸಿನಲ್ಲಿ ಹಾಲು ಜಾಸ್ತಿಯಾಗಿ, ಇಲ್ಲವೇ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಸೂಕ್ಷ್ಮಜೀವಿಯಿಂದ. ಮೂರು ವಾರ ದಾಟಿ, ಸೊಪ್ಪು ಕಚ್ಚಲು ಶುರು ಮಾಡಿದ ಮರಿಗೆ ಬೇದಿ ಆಗಿ, ಅದರಲ್ಲಿ ರಕ್ತವೋ ಲೋಳೆಯೋ ಕಂಡರೆ ಡಾಕ್ಟರು ಮೊದಲು ಅನುಮಾನಿಸುವುದು ಕಾಕ್ಸಿಡಿಯಾ ಅನ್ನುವ, ಕರುಳಿಗೆ ಸೇರುವ ಸೂಕ್ಷ್ಮ ಪರಾವಲಂಬಿ ಜೀವಿಯನ್ನು. ಇದು ಹಿಕ್ಕೆ ಬಿದ್ದ ನೆಲದಿಂದ, ಅದೇ ನೆಲದಲ್ಲಿ ಚೆಲ್ಲಿದ ಮೇವಿನಿಂದ ಬಾಯಿಗೆ ಹೋಗುತ್ತದೆ. ಮೇವು ನೆಲಕ್ಕೆ ಹಾಕದೆ ಕಟ್ಟು ಕಟ್ಟಿ ತೂಗುಹಾಕಿದರೆ, ನೀರಿನ ಪಾತ್ರೆ ಎತ್ತರದಲ್ಲಿಟ್ಟರೆ ಅರ್ಧ ಕಡಿಮೆಯಾದ ಹಾಗೆ.

ಯಾವ ಕಾರಣವೇ ಇರಲಿ, ಮರಿಯನ್ನು ಕೊಲ್ಲುವುದು ಮೊದಲು ನೀರು, ಉಪ್ಪು ಹೊರಟುಹೋಗುವುದು. ಹಾಗಾಗಿ ಓಆರ್‌ಎಸ್. ಮೆಡಿಕಲ್ ಶಾಪಿನಲ್ಲಿ, ಆರೋಗ್ಯ ಕೇಂದ್ರದಲ್ಲಿ ಸಿಗುವ ಒಂದು ಲೀಟರಿನ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ. ಅರ್ಧ ಪೊಟ್ಟಣ, ಅಂದಾಜು ನೀರು ಅಂತ ಮಾಡಬೇಡಿ. ಪೊಟ್ಟಣ ಇಲ್ಲದ ರಾತ್ರಿ, ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಂದು ದಿನಕ್ಕಿಂತ ಹಳೆಯದನ್ನು ಚೆಲ್ಲಿ.

ಎರಡು ಕೆಜಿ ಮರಿಗೆ ಒಂದು ಸಲಕ್ಕೆ 40–50 ಮಿಲಿ ಬೆಚ್ಚಗೆ ಮಾಡಿ, ಹಾಲಿನ ಹೊತ್ತುಗಳ ನಡುವೆ ಕುಡಿಸಿ. ಹಾಲಿಗೇ ಬೆರೆಸಬೇಡಿ, ಹೊಟ್ಟೆಯಲ್ಲಿ ಹಾಲು ಸರಿಯಾಗಿ ಗಟ್ಟಿಯಾಗದೆ ಬೇದಿ ಇನ್ನೂ ಹೆಚ್ಚುತ್ತದೆ. ಹಾಲು ಪೂರ್ತಿ ನಿಲ್ಲಿಸಿ ದಿನಗಟ್ಟಲೆ ಬರೀ ನೀರಿನಲ್ಲಿ ಇಡುವುದೂ ಸರಿಯಲ್ಲ. ಓಆರ್‌ಎಸ್‌ನಲ್ಲಿ ಅಷ್ಟು ಬಲ ಇಲ್ಲ. ಹಾಲಿನ ಅಳತೆ ಇಳಿಸಿ, ಹೊತ್ತು ಹೆಚ್ಚಿಸಿ.

ನಮಗೆ ಬೇದಿ ನಿಲ್ಲಲು ತಗೊಳ್ಳುವ ಮಾತ್ರೆ ಮರಿಗೆ ಹಾಕಬೇಡಿ. ಒಳಗಿನ ನಂಜು ಒಳಗೇ ಉಳಿಯುತ್ತದೆ. ಪಕ್ಕದ ಮನೆಯಲ್ಲಿ ಮಿಕ್ಕ ಆಂಟಿಬಯೋಟಿಕ್ ಬಾಟಲಿಯೂ ಬೇಡ. ಮರಿಯ ತೂಕಕ್ಕೆ ತಕ್ಕ ಅಳತೆ ಡಾಕ್ಟರಿಗೆ ಗೊತ್ತು, ಎಷ್ಟು ದಿನ ಅಂತ ಅವರು ಹೇಳಿದರೋ ಅಷ್ಟು ದಿನ ಮುಗಿಸಿ. ಮೂರನೇ ದಿನ ಮರಿ ಕುಣಿಯಿತು ಅಂತ ನಿಲ್ಲಿಸುವವರೇ ಜಾಸ್ತಿ.

ಹಿಂಬದಿ ತೊಳೆದು, ಒರೆಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ. ಇಲ್ಲದಿದ್ದರೆ ನೊಣ ಮುತ್ತಿ ಹುಳು ಬೀಳುತ್ತದೆ.

ಇನ್ನೆರಡು ಸಂಗತಿ

ಹುಟ್ಟಿದಾಗ ಚೆನ್ನಾಗಿದ್ದು, ವಾರದ ಹೊತ್ತಿಗೆ ಬೇದಿಯೂ ಇಲ್ಲದೆ, ಜ್ವರವೂ ಇಲ್ಲದೆ ಮರಿ ಬಟ್ಟೆಯ ಹಾಗೆ ಜೋತುಬಿದ್ದರೆ, ಅದರ ರಕ್ತದಲ್ಲಿ ಹುಳಿ ಅಂಶ ಹೆಚ್ಚಿರಬಹುದು. ಅದಕ್ಕೆ ಅಡುಗೆ ಸೋಡಾ ಕದಡಿದ ನೀರು ಕೊಡುವ ಪದ್ಧತಿ ಇದೆ, ಹಾಲನ್ನೂ ಒಂದು ದಿನ ನಿಲ್ಲಿಸುತ್ತಾರೆ. ಆದರೆ ಜೋತುಬಿದ್ದ ಮರಿಗಳೆಲ್ಲ ಇದೇ ಅಲ್ಲ. ಅಳತೆ, ಕಾರಣ ಎರಡನ್ನೂ ಡಾಕ್ಟರ ಹತ್ತಿರ ಕೇಳಿಯೇ ಮಾಡಿ.

ಮೂಗು ಸುರಿಯುತ್ತಾ, ಹೊಟ್ಟೆ ಎಳೆದೆಳೆದು ಉಸಿರಾಡುತ್ತಿದ್ದರೆ ನ್ಯುಮೋನಿಯಾ ಅನುಮಾನ. ಕೊಟ್ಟಿಗೆಯಲ್ಲಿ ಮಂಡಿಯೂರಿ, ಮರಿ ಮಲಗುವ ಎತ್ತರಕ್ಕೆ ಮೂಗು ತಂದು ಒಮ್ಮೆ ಉಸಿರೆಳೆಯಿರಿ. ಉಚ್ಚೆಯ ಘಾಟಿಗೆ ಕಣ್ಣು ಉರಿಯಿತಾ? ಮರಿ ರಾತ್ರಿಯಿಡೀ ಅದನ್ನೇ ಉಸಿರಾಡುತ್ತದೆ. ಚಳಿ ಅಂತ ಎಲ್ಲ ಕಡೆ ಟಾರ್ಪಾಲು ಬಿಗಿಯುವುದಕ್ಕಿಂತ, ಕೆಳಗೆ ಗಾಳಿ ತಡೆದು ಮೇಲೆ ಬಿಡುವುದು ಒಳ್ಳೆಯದು.

ಯಾವಾಗ ಫೋನ್ ಮಾಡಬೇಕು

ಮೈ 100 ಕ್ಕಿಂತ ಕೆಳಗಿದ್ದು ಬಿಸಿ ಮಾಡಿದರೂ ಏರದಿದ್ದರೆ, 104 ದಾಟಿ ಇಳಿಯದಿದ್ದರೆ, ಚೀಪುವುದು ನಿಂತರೆ, ಬೇದಿಯಲ್ಲಿ ರಕ್ತ ಬಂದರೆ, ಹೊಟ್ಟೆ ಡೋಲಿನ ಹಾಗೆ ಉಬ್ಬಿದರೆ, ಮೈ ಸೆಟೆದುಕೊಂಡು ದವಡೆ ಬಿಗಿದರೆ ಬೆಳಗಾಗಲಿ ಅಂತ ಕಾಯಬೇಡಿ. ನಿಮ್ಮ ಊರಿನ ಪಶು ಆಸ್ಪತ್ರೆಯ ಡಾಕ್ಟರ ನಂಬರ್ ಮೊದಲೇ ಬರೆದಿಟ್ಟುಕೊಂಡಿರಿ. ಸಿಗದಿದ್ದರೆ 1962 ಗೆ ಫೋನ್ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಯುವ ಉಚಿತ ನಂಬರ್ ಅದು. ಫೋನಿನಲ್ಲಿ "ಮರಿ ಮಂಕಾಗಿದೆ ಸಾರ್" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ವಯಸ್ಸು, ತೂಕ, ಜ್ವರ ಎಷ್ಟು, ಕೊನೆಗೆ ಯಾವಾಗ ಕುಡಿಯಿತು, ಹೇಲು ಹೇಗಿದೆ. ಕ್ಯಾಲೆಂಡರ್ ತಿರುಗಿಸಿ ಓದಿ ಹೇಳಿ.

ಮನೆಯೊಳಗೆ ಮರಿ

ನನ್ನ ಮರಿಬುಟ್ಟಿ ಇರುವುದು ಹೊಲಿಗೆ ಯಂತ್ರದ ಪಕ್ಕ. ಕಾಲಲ್ಲಿ ತುಳಿಯುವ ಹಳೆ ಯಂತ್ರ. ಪೆಡಲಿನ ಸದ್ದಿಗೆ ಮರಿ ನಿದ್ದೆ ಹೋಗುತ್ತದೆ, ನಿಲ್ಲಿಸಿದರೆ ಕಣ್ಣು ಬಿಡುತ್ತದೆ. ರವಿಕೆ ತಗೊಂಡು ಹೋಗಲು ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ, ಹೋಗುವಾಗ ಮರಿಯ ಕಿವಿ ಸವರಿ ಹೋಗುತ್ತಾರೆ. ಪಕ್ಕದ ಮನೆಯ ಅಜ್ಜಿಗೆ ಇದೆಲ್ಲ ಕಂಡು ನಗು. "ಏನವ್ವಾ, ನಿನ್ ಮಕ್ಳಿಗೂ ಹಿಂಗೆ ಗಂಟೆ ನೋಡಿ ಹಾಲು ಕುಡ್ಸಿದ್ಯಾ?" ಅಂತ ಕೇಳಿದರು. "ಇಲ್ಲ ಅಜ್ಜಿ, ಅವು ಬಾಯಿ ಬಿಟ್ಟು ಕೇಳ್ತಿದ್ವು" ಅಂದೆ. ಹಾಗೆ ನಗುವ ಅಜ್ಜಿಯೇ ಬೆಳಗಿನ ಜಾವ ಬಂದು, ಸೆರಗಲ್ಲಿ ಕೈ ಒರೆಸಿಕೊಂಡು, ಮರಿಯ ಬಾಯಿಗೆ ಬೆರಳಿಟ್ಟು ನೋಡುತ್ತಾರೆ. ಥರ್ಮಾಮೀಟರ್ ತೋರಿಸುವುದನ್ನು ಅವರ ಬೆರಳು ಮೊದಲೇ ಹೇಳಿರುತ್ತದೆ.

ಮನೆಯೊಳಗೆ ಇಟ್ಟುಕೊಂಡರೆ ಕೆಲವು ಎಚ್ಚರ ಬೇಕು. ಚೇತರಿಸಿಕೊಳ್ಳುವ ಮರಿ ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಪ್ಲಾಸ್ಟಿಕ್ ಕವರ್, ದಾರದ ಉಂಡೆ, ಬಟ್ಟೆ ಚೂರು ಕೂಡ ಅದರ ಲೆಕ್ಕಕ್ಕೆ ಸೊಪ್ಪೇ. ಇವು ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತವೆ. ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಯನ್ನಂತೂ ನೀವೇ ನಿಂತು ತೊಳೆಸಿ. ಆಗ ಹೇಳಿದ ಕ್ರಿಪ್ಟೋಸ್ಪೊರಿಡಿಯಂ ಮನುಷ್ಯರಿಗೂ ಬೇದಿ ತರಿಸುತ್ತದೆ. ಮರಿಯ ತುಟಿ ಸುತ್ತ ಹಕ್ಕಳೆ ಕಟ್ಟಿದ ಹುಣ್ಣು ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಅದೂ ಅಂಟುತ್ತದೆ. ತಾಯಿಯ ಹಾಲನ್ನು ಮನೆಯವರು ಕುಡಿಯುವುದಾದರೆ ಕಾಯಿಸಿಯೇ ಕುಡಿಯಿರಿ.

ರಾತ್ರಿ ಎರಡರ ಹೊತ್ತಿಗೆ ಬಾಟಲಿ ಹಿಡಿದು ಕೂತಾಗ ಬರುವ ಯೋಚನೆ ಬೇರೆ. ಗಂಡು ಮರಿಯಾದರೆ ಅದು ಬೆಳೆದು ಹೋಗುವುದು ಎಲ್ಲಿಗೆ ಅಂತ ನಮಗೆಲ್ಲ ಗೊತ್ತು. ಊರ ಜಾತ್ರೆಯೋ, ಬಕ್ರೀದೋ, ಭಾನುವಾರದ ಅಂಗಡಿಯೋ. ಮಾರಲು ಸಾಕಿದ ಪ್ರಾಣಿಗೆ ಇಷ್ಟು ನಿದ್ದೆಗೆಡಬೇಕಾ ಅಂತ ಕೇಳುವವರಿದ್ದಾರೆ. ನನಗೆ ಇದರಲ್ಲಿ ಗೊಂದಲ ಇಲ್ಲ. ಅದು ಇರುವಷ್ಟು ದಿನ ಅದಕ್ಕೆ ನೋವಾಗದ ಹಾಗೆ ನೋಡಿಕೊಳ್ಳುವುದು ಸಾಕಿದವರ ಲೆಕ್ಕ, ಮಾರುವುದು ಬೇರೆ ಲೆಕ್ಕ. ಆದರೆ ಮಕ್ಕಳಿಗೆ ಈ ಎರಡು ಲೆಕ್ಕ ಇರುವುದಿಲ್ಲ. ಹೆಸರಿಟ್ಟುಬಿಡುತ್ತಾರೆ. ಮಾರುವ ಮರಿ ಅಂತ ಮೊದಲೇ, ಹೆಸರಿಡುವ ಮುಂಚೆಯೇ ಹೇಳಿಬಿಡಿ. ಅಳುತ್ತಾರೆ. ಆಮೇಲೆ ಮುಚ್ಚಿಟ್ಟು ಮಾರಿದ್ದು ಗೊತ್ತಾದರೆ ಇನ್ನೂ ಹೆಚ್ಚು ಅಳುತ್ತಾರೆ.

ಎಲ್ಲ ಮಾಡಿಯೂ ಮರಿ ಉಳಿಯದೆ ಇರಬಹುದು. ಆಗ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ, ನಾಯಿ ಎಳೆಯದ ಹಾಗೆ ಮೇಲೆ ಕಲ್ಲು ಹೇರಿ. ಬುಟ್ಟಿಯ ಹುಲ್ಲು ಸುಟ್ಟುಬಿಡಿ. ತಾಯಿಯ ಕೆಚ್ಚಲು ಕರೆದು ಖಾಲಿ ಮಾಡಿ, ಇಲ್ಲದಿದ್ದರೆ ಕೆಚ್ಚಲು ಬಾವು ಬರುತ್ತದೆ. ಒಂದರ ಹಿಂದೆ ಒಂದು ಮರಿ ಸಾಯುತ್ತಿದ್ದರೆ ಹೂಳುವ ಮೊದಲೇ ಡಾಕ್ಟರಿಗೆ ಹೇಳಿ. ಸತ್ತ ಮರಿಯನ್ನು ಪರೀಕ್ಷೆ ಮಾಡಿಸಿದರೆ ಉಳಿದವುಗಳಿಗೆ ದಾರಿ ಸಿಗುತ್ತದೆ.

ತಾಯಿಯ ಹತ್ತಿರ, ಹಿಂಡಿನ ಹತ್ತಿರ

ಮೇಕೆ ತನ್ನ ಮರಿಯನ್ನು ಗುರುತಿಸುವುದು ಮುಖ್ಯವಾಗಿ ಮೂಗಿನಿಂದ. ಮರಿಯನ್ನು ದಿನಗಟ್ಟಲೆ ಒಳಗಿಟ್ಟು, ಡೆಟಾಲ್ ಹಾಕಿ ತೊಳೆದು ಕಳಿಸಿದರೆ ತಾಯಿ ಗುದ್ದಿ ಓಡಿಸುತ್ತದೆ. ಹಾಗಾಗಿ ಆದಷ್ಟೂ ತಾಯಿ ನೋಡುವ, ಮೂಸುವ ಹಾಗೆ ಇಡಿ. ಒಳಗೇ ಇಡಬೇಕಾದರೆ ದಿನಕ್ಕೆ ಕೆಲವು ಸಲವಾದರೂ ತಾಯಿಯ ಮೂಗಿನ ಹತ್ತಿರ ಒಯ್ದು ಬನ್ನಿ. ಒಪ್ಪದಿದ್ದರೆ ತಾಯಿಯ ಹಾಲನ್ನೇ ಮರಿಯ ತಲೆಗೆ, ಬೆನ್ನಿಗೆ, ಬಾಲದ ಬುಡಕ್ಕೆ ಸವರಿ, ತಾಯಿಯನ್ನು ಗೂಟಕ್ಕೆ ಕಟ್ಟಿ, ನೀವೇ ಹಿಡಿದು ಕುಡಿಸಿ. ಹಟ ಮಾಡುವ ತಾಯಿಗೆ ಮುಂದೆ ಒಂದು ಹಿಡಿ ಹಿಂಡಿ ಇಟ್ಟರೆ ಹಿಂದೆ ಏನಾಗುತ್ತಿದೆ ಅಂತ ಅದು ಕೇಳುವುದಿಲ್ಲ.

ಎರಡು ಮೂರು ವಾರಕ್ಕೆ ಮರಿ ಸೊಪ್ಪು ಮೂಸಲು ಶುರು ಮಾಡುತ್ತದೆ. ಅಗಸೆ, ಹಲಸು, ಸುಬಾಬುಲ್ ಎಳೆಸೊಪ್ಪನ್ನು ಕೈಗೆಟುಕುವ ಹಾಗೆ ಕಟ್ಟಿ. ಮೆಲುಕು ಹಾಕುವುದು ಕಂಡಿತು ಅಂದರೆ ಹೊಟ್ಟೆ ಬೆಳೆಯುತ್ತಿದೆ. ಹಾಲು ಬಿಡಿಸುವುದು ಎರಡೂವರೆ, ಮೂರು ತಿಂಗಳಿಗೆ, ಅದೂ ಹೊತ್ತು ಕಡಿಮೆ ಮಾಡುತ್ತಾ. ಬಾಟಲಿ ಮರಿ ಮನುಷ್ಯರ ಹಿಂದೆಯೇ ತಿರುಗುತ್ತದೆ. ಚೆನ್ನಾಗಿ ಕಾಣುತ್ತದೆ, ಆದರೆ ಬೇಗ ಬೇರೆ ಮರಿಗಳ ಜೊತೆ ಬಿಡಿ. ಗಂಡು ಮರಿಯ ಹಣೆಗೆ ಕೈಯೊಡ್ಡಿ ಗುದ್ದಾಡಿಸುವ ಆಟ ಆಡಬೇಡಿ. ಇವತ್ತಿನ ಆಟ ನಾಳೆ ಹೋತನಾದ ಮೇಲೆ ಅಜ್ಜಿಯ ಸೊಂಟಕ್ಕೆ ಬರುತ್ತದೆ.

ಮೂರರಿಂದ ನಾಲ್ಕು ತಿಂಗಳ ವಯಸ್ಸಿಗೆ ಪಿಪಿಆರ್ (ಕುರಿ ಮೇಕೆಗಳಿಗೆ ಬರುವ ಪ್ಲೇಗಿನಂಥ ಅಂಟುರೋಗ) ಮತ್ತು ಕರುಳು ಬೇನೆಯ ಲಸಿಕೆ ಹಾಕಿಸಿ. ಜಂತುಹುಳುವಿನ ಔಷಧಿ ಯಾವಾಗ ಅಂತ ಅದೇ ಡಾಕ್ಟರ ಹತ್ತಿರ ಕೇಳಿ. ಗಬ್ಬದ ಮೇಕೆಗೆ ಈಯುವ ಒಂದು ತಿಂಗಳ ಮುಂಚೆ ಕರುಳು ಬೇನೆಯ ಲಸಿಕೆ ಹಾಕಿಸಿದರೆ ಆ ಶಕ್ತಿ ಗಿಣ್ಣಿನ ಮೂಲಕ ಮರಿಗೂ ಸಿಗುತ್ತದೆ.

ಮೇಕೆಯ ಗಬ್ಬ ಹೆಚ್ಚು ಕಡಿಮೆ 150 ದಿನ. ಹೋತ ಹತ್ತಿದ ದಿನ ಬರೆದಿಟ್ಟಿದ್ದರೆ ಈಯುವ ವಾರ ಗೊತ್ತಾಗುತ್ತದೆ. ಅದಕ್ಕೆ ಮುಂಚೆ ಒಂದು ಡಬ್ಬಿ ತುಂಬಿಸಿಡಿ: ಟಿಂಚರ್ ಅಯೋಡಿನ್, ಥರ್ಮಾಮೀಟರ್, ಬಾಟಲಿ, ಎರಡು ನಿಪ್ಪಲ್, ಸೂಜಿಯಿಲ್ಲದ ಸಿರಿಂಜ್, ಗ್ಲೂಕೋಸ್ ಪುಡಿ, ಓಆರ್‌ಎಸ್, ಒಗೆದ ಹಳೆ ಬಟ್ಟೆ. ಓಆರ್‌ಎಸ್ ಪೊಟ್ಟಣ ಇದೆಯಾ ಅಂತ ಆ ವಾರ ಡಬ್ಬಿ ತೆಗೆದು ಇನ್ನೊಮ್ಮೆ ನೋಡಿ. ಮಧ್ಯದಲ್ಲಿ ಯಾರಿಗೋ ಹೊಟ್ಟೆ ಕೆಟ್ಟು ಅದನ್ನೇ ಕುಡಿದಿರುತ್ತಾರೆ.